ಸೊಂಟ ಮೂವತ್ತೆಂಟು

"ಕಳೆದ ಒಂದು ವರ್ಷದಲ್ಲಿ ತೂಕ ಏನಾದರೂ ಹೆಚ್ಚು ಕಡಿಮೆ ಆಗಿದೆಯಾ?" ಎಂದು ಡಾಕ್ಟರು ಕೇಳಿದರು.

ಎದೆ ಸೆಟೆಸಿ ಕೂತ ತಮ್ಮ. "ಒಂದು ಗುಂಜಿಯೂ ಇಲ್ಲ ಸಾರ್. ಮದುವೆಗೆ ಹೊಲಿಸಿದ ಪ್ಯಾಂಟು ಮೂವತ್ತೆಂಟು, ಇವತ್ತು ಹಾಕ್ಕೊಂಡಿರೋದೂ ಮೂವತ್ತೆಂಟೇ. ಬೇಕಾದರೆ ಒಳಗಿನ ಚೀಟಿ ತೋರಿಸ್ತೀನಿ."

ಪಕ್ಕದ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು. ಆ ಚೀಟಿ ಹೊಲಿದು ಹಾಕಿದವಳು ಅವಳೇ. ಪ್ಯಾಂಟಿನ ಒಳಗಿದ್ದ ಸೊಂಟಕ್ಕೂ ಚೀಟಿಯಲ್ಲಿದ್ದ ಅಂಕಿಗೂ ಸಂಬಂಧ ಕಡಿದುಹೋಗಿ ಹತ್ತು ವರ್ಷದ ಮೇಲಾಗಿತ್ತು.

"ಚೀಟಿ ಬೇಡ, ನಂಬ್ತೀನಿ" ಎಂದು ಡಾಕ್ಟರು ನಕ್ಕು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. "ಎಂಬತ್ತಾರು ಕೆಜಿ ಇದ್ದೀರ. ನಿಮ್ಮ ಎತ್ತರಕ್ಕೆ ಜಾಸ್ತಿನೇ. ಆದರೆ ಮೊದಲಿಂದ ಅಷ್ಟೇ ಇದ್ದರೆ ನನಗೆ ಒಂದು ಚಿಂತೆ ಕಡಿಮೆ. ತಾನಾಗಿ ಇಳೀತಾ ಬಂದಿದ್ದರೆ, ಕಾಯಿಲೆ ಕಿಡ್ನಿ ಬಿಟ್ಟು ಬೇರೆ ಕಡೆ ಹರಡಿದೆಯೇನೋ ಅಂತ ಎದೆ, ಮೂಳೆ ಎಲ್ಲ ಸ್ಕ್ಯಾನ್ ಮಾಡಿಸಿಯೇ ಮುಂದೆ ಹೋಗಬೇಕಾಗ್ತಿತ್ತು. ಬರೋ ಮಂಗಳವಾರ ಆಪರೇಷನ್ ಇಟ್ಕೊಳ್ಳೋಣ. ಗೆಡ್ಡೆ ಇರೋ ಭಾಗ ಮಾತ್ರ ತೆಗೀತೀವಿ, ಮಿಕ್ಕ ಕಿಡ್ನಿ ಹಾಗೇ ಉಳಿಯುತ್ತೆ."

ಅಕ್ಕ ಬಾಯಿ ತೆರೆದಳು. ಆದರೆ ಹೊರಬಿದ್ದದ್ದು ಬೇರೆ ಮಾತು.

"ದಪ್ಪ ಇದ್ದರೆ ಈ ಕ್ಯಾನ್ಸರ್ ಬರುತ್ತಾ ಸಾರ್?"

"ದಪ್ಪ ಇರೋರಿಗೆಲ್ಲ ಬರಲ್ಲ ಅಮ್ಮ. ಬರೋ ಸಾಧ್ಯತೆ ಮಿಕ್ಕವರಿಗಿಂತ ಜಾಸ್ತಿ, ಅಷ್ಟೇ."

"ಹಾಗಾದರೆ ಇನ್ಮೇಲೆ ಇವನು ಸಣ್ಣಗಾಗಬೇಕು."

"ಅದನ್ನೂ ಅಷ್ಟು ಸಲೀಸಾಗಿ ಹೇಳೋಕಾಗಲ್ಲ" ಎಂದು ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಸಲ ಕಾಯಿಲೆ ಬಂದ ಮೇಲೆ, ಸ್ವಲ್ಪ ದಪ್ಪ ಇದ್ದವರೇ ಚೆನ್ನಾಗಿ ಬಾಳಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಯಾಕೆ ಅನ್ನೋದು ನಮಗೂ ಪೂರ್ತಿ ಬಗೆಹರಿದಿಲ್ಲ."

"ಅಂದ್ರೆ ನಾನು ತಿನ್ನಬೇಕಾ, ಬಿಡಬೇಕಾ?" ಎಂದ ತಮ್ಮ.

"ಸದ್ಯಕ್ಕೆ ದಿನಾ ಹೇಗೆ ತಿಂತೀರೋ ಹಾಗೇ ತಿನ್ನಿ."

ತಮ್ಮ ಯಾಕೋ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ.

ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ವಯಸ್ಸು ನಲವತ್ತಮೂರು. ಅವಳು ಐದು ವರ್ಷ ದೊಡ್ಡವಳು. ಎರಡು ರಸ್ತೆ ಕೂಡುವಲ್ಲಿ ಬಟ್ಟೆಯ ಅಳತೆ ಸರಿಪಡಿಸುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದಳು. ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಬಿಗಿಯಾದದ್ದನ್ನು ಬಿಡಿಸುವುದು, ಸಡಿಲವಾದದ್ದನ್ನು ಹಿಡಿಯುವುದು. ಬೀದಿಯವರಿಗೆಲ್ಲ ಅವಳು ಟೈಲರಕ್ಕ.

ಹನ್ನೊಂದು ವರ್ಷದ ಹಿಂದೆ ತಮ್ಮನಿಗೆ ಸಣ್ಣಗಾಗುವ ಹುಚ್ಚು ಹಿಡಿದಿತ್ತು. ಬೇಕರಿಯಲ್ಲಿ ಯಾರೋ "ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಬ್ಬಿರೋದು ಬ್ರೆಡ್ಡಲ್ಲ, ಬ್ರೆಡ್ ಮಾಡೋನು" ಎಂದು ನಕ್ಕಿದ್ದರು. ಅಂದಿನಿಂದ ಊಟ ಬಿಟ್ಟ. ಹದಿನೆಂಟನೆಯ ದಿನ ಒಲೆಯ ಬಾಗಿಲು ತೆಗೆಯುವಾಗ ಕಣ್ಣು ಕತ್ತಲೆ ಬಂದು ಬಿದ್ದ. ಬಲಗೈ ಮೊಣಕೈವರೆಗೆ ಕಾದ ತಟ್ಟೆಗೆ ಅಂಟಿಕೊಂಡಿತು. ಆಗ ಅವನ ಹೆಂಡತಿ ಹಾಸಿಗೆಯ ಪಕ್ಕ ನಿಂತು, "ಇನ್ನೊಂದು ಸಲ ಊಟ ಬಿಟ್ಟರೆ ನನ್ನ ಹೆಣ ನೋಡ್ತೀರ" ಎಂದು ಆಣೆ ಹಾಕಿಸಿಕೊಂಡಳು. ಅವನೂ ಒಪ್ಪಿದ. ಅಂದಿನಿಂದ ತೂಕದ ಯಂತ್ರ ಕಂಡರೆ ರಸ್ತೆ ದಾಟಿ ಹೋಗುವಷ್ಟು ಅಂಜಿಕೆ ಅವನಿಗೆ.

ಆಮೇಲೆ ಆರು ತಿಂಗಳಿಗೆ ಅವನ ಹೆಂಡತಿ ಒಂದು ಪ್ಯಾಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಬಂದಳು. "ಅತ್ತಿಗೆ, ಗುಂಡಿ ಹಾಕೋಕೆ ಉಸಿರು ಹಿಡೀತಾರೆ. ಗೊತ್ತಾದರೆ ಮತ್ತೆ ಉಪವಾಸ ಶುರು ಮಾಡ್ತಾರೆ. ಒಂಚೂರು ಬಿಟ್ಟುಕೊಡಿ. ಅವರಿಗೆ ತಿಳಿಯೋದು ಬೇಡ."

ಅಕ್ಕ ಹಿಂಬದಿಯ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟಳು. ಹೀಗೆ ಶುರುವಾದದ್ದು. ಬೇಕರಿಯ ಬಿಳಿ ಪ್ಯಾಂಟು ನಾಲ್ಕು, ಹೊರಗೆ ಹೋಗುವ ಪ್ಯಾಂಟು ಎರಡು. ಒಲೆಯ ಮುಂದೆ ಬಕಲು ಕಾದು ಹೊಟ್ಟೆ ಸುಡುತ್ತದೆಂದು ಅವನು ಬೆಲ್ಟು ಕಟ್ಟುತ್ತಿರಲಿಲ್ಲ; ಹಾಗಾಗಿ ಗುಟ್ಟು ಹೇಳುವ ತೂತುಗಳೂ ಇರಲಿಲ್ಲ. ಬಟ್ಟೆ ಸವೆದರೆ ಹೊಸದನ್ನು ಅಕ್ಕನೇ ಹೊಲಿಯುತ್ತಿದ್ದಳು. ಸೊಂಟ ನಲವತ್ತಾಯಿತು, ನಲವತ್ತೆರಡಾಯಿತು, ನಲವತ್ತನಾಲ್ಕಾಯಿತು. ಚೀಟಿ ಮಾತ್ರ ಮೂವತ್ತೆಂಟೇ. ನಿಜವಾದ ಅಳತೆಯನ್ನು ಅವಳು ತಾರೀಖಿನೊಂದಿಗೆ ತನ್ನ ಅಳತೆ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಸುಳ್ಳು ಹೇಳುವುದಾದರೂ ಲೆಕ್ಕ ತಪ್ಪಬಾರದಲ್ಲ.

ಹತ್ತು ತಿಂಗಳಿಂದ ಈಚೆಗೆ ಕೆಲಸ ತಿರುಗಿತ್ತು. "ಅತ್ತಿಗೆ, ಜಾರ್ತಾ ಇದೆ" ಎಂದು ತಮ್ಮನ ಹೆಂಡತಿ ನಗುತ್ತಾ ತಂದಳು. ಬೇಕರಿಯಲ್ಲಿ ಎರಡನೆಯ ಒಲೆ ಬಂದಿದೆ, ಓಡಾಟ ಹೆಚ್ಚಿದೆ, ಅದಕ್ಕೇ ಇಳಿಯುತ್ತಿದ್ದಾನೆ ಎಂದು ಇಬ್ಬರೂ ಹಿಗ್ಗಿದರು. ಗೊತ್ತಾದರೆ ಉಮೇದಿನಲ್ಲಿ ಊಟ ಬಿಟ್ಟಾನು ಎಂದು ಹಿಡಿದುಕೊಟ್ಟದ್ದನ್ನೂ ಹೇಳಲಿಲ್ಲ. ಅರ್ಧ ಇಂಚು, ಮತ್ತೆ ಅರ್ಧ ಇಂಚು. ಈಗ ನಲವತ್ತೊಂದು.

ಮೂರು ಇಂಚು ಇಳಿದಿದ್ದಾನೆ. ಡಾಕ್ಟರ ಕಂಪ್ಯೂಟರಿನಲ್ಲಿ 'ಬದಲಾವಣೆ ಇಲ್ಲ' ಎಂದಿದೆ.

ಅದೇ ಮಧ್ಯಾಹ್ನ ಅಕ್ಕನನ್ನು ಇನ್ನೊಂದು ಕೋಣೆಗೆ ಕರೆದರು. ಅಲ್ಲಿ ಜೀನ್‌ಗಳ ಬಗ್ಗೆ ಸಲಹೆ ಕೊಡುವ ಹುಡುಗಿಯೊಬ್ಬಳಿದ್ದಳು. ತಮ್ಮನಷ್ಟು ಸಣ್ಣ ವಯಸ್ಸಿಗೆ ಈ ಕಾಯಿಲೆ ಬಂದರೆ ಮನೆತನದ ವಿಷಯ ಕೇಳುತ್ತಾರಂತೆ. ಹುಡುಗಿ ದೊಡ್ಡ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಎಳೆಯುತ್ತಾ ಹೋದಳು.

"ನಿಮ್ಮ ತಂದೆ?"

"ಮೂವತ್ತಾರಕ್ಕೆ ಲಾರಿ ಗುದ್ದಿ ಹೋದರು. ಅಮ್ಮ ಕಡ್ಡಿ ಹಾಗಿದ್ದಳು, ಎಂಬತ್ತರವರೆಗೆ ಬಾಳಿದಳು."

"ತಂದೆಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ?"

"ಇತ್ತೋ ಇಲ್ಲವೋ. ಆ ಕಾಲದಲ್ಲಿ ಯಾರು ಒಳಗೆ ಬಗ್ಗಿ ನೋಡ್ತಿದ್ದರು ತಾಯಿ?"

ಹುಡುಗಿ ನಕ್ಕು, ತಾಳ್ಮೆಯಿಂದ ವಿವರಿಸಿದಳು. ಜೀನ್‌ನಲ್ಲಿ ಆಗುವ ಬದಲಾವಣೆ ಎರಡು ಥರ. ಒಂದು, ಹುಟ್ಟುವಾಗಲೇ ತಂದೆ ತಾಯಿಯಿಂದ ಬಂದು ಮೈಯ ಪ್ರತಿ ಕಣದಲ್ಲೂ ಇರುವಂಥದ್ದು. ಇನ್ನೊಂದು, ಬದುಕುತ್ತಾ ಬದುಕುತ್ತಾ ಯಾವುದೋ ಒಂದು ಕಣದಲ್ಲಿ ಆಗಿ, ಆ ಗೆಡ್ಡೆಯಲ್ಲಿ ಮಾತ್ರ ಇರುವಂಥದ್ದು. ಹೆಚ್ಚಿನವರಲ್ಲಿ ಎರಡನೆಯದೇ.

ಅಕ್ಕ ತಲೆಯಾಡಿಸಿದಳು. "ಕಟ್ಟಿಂಗ್ ಕಾಗದದಲ್ಲೇ ತಪ್ಪಿದ್ದರೆ ಅದರಿಂದ ಕತ್ತರಿಸಿದ ಎಲ್ಲ ಅಂಗಿಯಲ್ಲೂ ತಪ್ಪಿರುತ್ತೆ. ಕಾಗದ ಸರಿಯಿದ್ದು ಒಂದು ಅಂಗಿಯಲ್ಲಿ ಸೂಜಿ ಜಾರಿದರೆ ಅದೊಂದೇ ಕೆಡುತ್ತೆ. ಹಾಗೆ ತಾನೆ?"

"ಅಯ್ಯೋ, ಎಷ್ಟು ಚೆನ್ನಾಗಿ ಹೇಳಿದ್ರಿ! ನಾನು ಇನ್ಮೇಲೆ ಇದನ್ನೇ ಹೇಳ್ತೀನಿ."

"ಆ ಸೂಜಿ ಜಾರೋದು ದಪ್ಪ ಇದ್ದರೆ ಜಾಸ್ತಿನಾ?"

ಹುಡುಗಿ ಪೆನ್ನು ಕೆಳಗಿಟ್ಟಳು. "ತೂಕಕ್ಕೂ ಗೆಡ್ಡೆಯೊಳಗಿನ ಬದಲಾವಣೆಗಳಿಗೂ ಏನು ನಂಟು ಅಂತ ಇನ್ನೂ ಹುಡುಕ್ತಾ ಇದ್ದಾರೆ. ಒಬ್ಬ ಮನುಷ್ಯನನ್ನ ತೋರಿಸಿ, ನಿನಗೆ ಇದರಿಂದಲೇ ಬಂತು ಅಂತ ಬೊಟ್ಟು ಮಾಡೋಕಾಗಲ್ಲ. ತಮ್ಮನವರ ರಕ್ತ ತಗೊಂಡಿದ್ದೀವಿ. ವರದಿ ಬರೋಕೆ ಒಂದು ತಿಂಗಳಾಗುತ್ತೆ. ಹುಟ್ಟಿನಿಂದ ಬಂದಿದ್ದು ಅಂತಾದರೆ ನಿಮ್ಮನ್ನೂ ಅವರ ಮಗಳನ್ನೂ ಪರೀಕ್ಷೆ ಮಾಡಬೇಕಾಗುತ್ತೆ."

ಮೆಟ್ಟಿಲಿಳಿಯುವಾಗ ಅವಳ ಮನಸ್ಸು ಗೊಂದಲದ ಗೂಡಾಯಿತು. ಹುಟ್ಟಿನಿಂದ ಬಂದದ್ದೇ ಆಗಲಿ ದೇವರೇ, ಆಗ ನಾನು ಬಿಟ್ಟುಕೊಟ್ಟ ಇಂಚುಗಳ ಮೇಲೆ ತಪ್ಪು ಬರುವುದಿಲ್ಲ ಎಂದುಕೊಂಡಳು. ಮುಂದಿನ ಮೆಟ್ಟಿಲಿಗೆ ತಮ್ಮನ ಮಗಳ ಒಂಬತ್ತು ವರ್ಷದ ಮುಖ ನೆನಪಾಗಿ, ಬೇಡ ಬೇಡ, ಹುಟ್ಟಿನಿಂದ ಬಂದದ್ದಾಗುವುದು ಬೇಡ ಎಂದು ಬೇಡಿಕೊಂಡಳು. ಕೆಳಗೆ ಬರುವಷ್ಟರಲ್ಲಿ ತಾನು ಏನನ್ನು ಬೇಡುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯದಾಯಿತು.

ಮಾರನೆಯ ದಿನ ಅಂಗಡಿಯಲ್ಲಿ ಒಂದು ಜಾಕೆಟ್ಟಿಗೆ ಜಿಪ್ಪನ್ನು ತಲೆಕೆಳಗು ಹೊಲಿದಳು. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ತಲೆಕೆಳಗು. ತಮ್ಮನ ಹೆಂಡತಿ ಬಂದು ಸ್ಟೂಲಿನ ಮೇಲೆ ಕೂತಾಗ ಅವಳು ಮೂರನೆಯ ಸಲ ಬಿಚ್ಚುತ್ತಿದ್ದಳು.

"ಡಾಕ್ಟರಿಗೆ ಹೇಳಿಬಿಡ್ತೀನಿ ಕಣೇ."

"ಏನನ್ನ?"

"ಮೂರು ಇಂಚನ್ನ."

ತಮ್ಮನ ಹೆಂಡತಿ ಸ್ಟೂಲಿನಿಂದ ಎದ್ದಳು. "ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನು ಐದು ದಿನ ಇದೆ. ಹೇಗೋ ಧೈರ್ಯ ತಂದ್ಕೊಂಡಿದ್ದಾರೆ. ಈಗ 'ನಿಮ್ಮ ಚೀಟಿಯೆಲ್ಲ ಸುಳ್ಳು, ನಿಮ್ಮ ಮೈಯೇ ನಿಮಗೆ ಗೊತ್ತಿಲ್ಲ' ಅಂದರೆ ಮುರಿದೇ ಹೋಗ್ತಾರೆ."

"ಎದೆಗೆ ಹರಡಿದ್ದರೆ?"

"ಎದೆ ಫೋಟೋ ತೆಗೆದಿದ್ದಾರಲ್ಲ, ಚೆನ್ನಾಗಿದೆ ಅಂದ್ರಲ್ಲ!"

"ಅದು ಸಣ್ಣ ಫೋಟೋ. ಇಳಿದಿದ್ದರೆ ದೊಡ್ಡದು ಬೇಕು ಅಂತ ಅವರ ಬಾಯಲ್ಲೇ ಬಂತು."

"ಓಡಾಟಕ್ಕೆ ಇಳಿದಿದ್ದಾರೆ ಅಂತ ನೀವೇ ಅಂದ್ರಿ."

"ಅಂದೆ. ನಾನು ಡಾಕ್ಟರಾ? ನಾನು ಪ್ಯಾಂಟು ಹಿಡಿಯೋಳು."

ತಮ್ಮನ ಹೆಂಡತಿ ಅತ್ತಳು. ಅಕ್ಕನಿಗೂ ಅಳು ಬಂತು, ಆದರೆ ಜಾಕೆಟ್ಟಿನ ಯಜಮಾನ ಬಾಗಿಲಲ್ಲಿ ನಿಂತಿದ್ದ. "ನಾಳೆ ಬಾಪ್ಪ" ಎಂದು ಅವನನ್ನು ಕಳಿಸಿದಳು. ಅವನು ಹೋದ ಮೇಲೂ ಅವಳಿಗೆ ಧೈರ್ಯ ಬರಲಿಲ್ಲ. ಹೇಳಿದರೆ ತಪ್ಪು, ಹೇಳದಿದ್ದರೆ ತಪ್ಪು. ಹೇಳಿದ ತಪ್ಪನ್ನು ಎಲ್ಲರೂ ಬೈಯುತ್ತಾರೆ. ಹೇಳದ ತಪ್ಪು ಯಾರಿಗೂ ತಿಳಿಯುವುದಿಲ್ಲ, ತನಗೊಬ್ಬಳಿಗೆ ಬಿಟ್ಟು. ಆ ತನಗೊಬ್ಬಳಿಗೆ ಎನ್ನುವುದೇ ಅವಳಿಗೆ ತಡೆಯಲಾಗದೆ ಹೋಯಿತು.

ಶುಕ್ರವಾರ ತಮ್ಮನನ್ನು ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಕರೆದಿದ್ದರು. ತಮ್ಮ ಬರುವ ಮೊದಲೇ ಒಬ್ಬಳೇ ಹೋಗಿ ಹೇಳಿಬಿಡಬೇಕೆಂದು ಅವಳು ಒಂದು ಗಂಟೆ ಮುಂಚೆ ಹೊರಟಳು. ಆಸ್ಪತ್ರೆಯಲ್ಲಿ ನೋಡಿದರೆ ಅವನು ಎರಡು ಗಂಟೆ ಮುಂಚೆಯೇ ಬಂದು ಕೂತಿದ್ದ, ಹೆಂಡತಿಯೊಂದಿಗೆ. ಅಕ್ಕನ ಕಂಕುಳಲ್ಲಿದ್ದ ಅಳತೆ ಪುಸ್ತಕ ನೋಡಿ ತಮ್ಮನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಏನಕ್ಕ, ಇಲ್ಲೂ ಗಿರಾಕಿ ಹುಡುಕ್ತೀಯಾ? ನರ್ಸುಗಳ ಅಳತೆ ತಗೊಳ್ಳೋಕೆ ಬಂದ್ಯಾ?" ಎಂದ ತಮ್ಮ.

ಡಾಕ್ಟರು ಒಳಗೆ ಕರೆದರು. ಅಕ್ಕ ಕೂರಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಒಂದೇ ಉಸಿರಿನಲ್ಲಿ ಹೇಳಿದಳು. ಚೀಟಿ ಸುಳ್ಳು. ಹತ್ತು ವರ್ಷದಲ್ಲಿ ಆರು ಇಂಚು ಬಿಟ್ಟಿದ್ದೇನೆ. ಹತ್ತು ತಿಂಗಳಲ್ಲಿ ಮೂರು ಇಂಚು ಹಿಡಿದಿದ್ದೇನೆ. ಇವನಿಗೆ ಏನೂ ಗೊತ್ತಿಲ್ಲ. ತಾರೀಖು ಸಮೇತ ಇಲ್ಲಿದೆ. "ಇವನು ಇಳಿದಿದ್ದಾನೆ ಸಾರ್. ದೊಡ್ಡ ಸ್ಕ್ಯಾನ್ ಮಾಡಿಸಿ."

ಡಾಕ್ಟರು ಪುಟ ತಿರುಗಿಸಿದರು. ಇನ್ನೊಂದು ಪುಟ ತಿರುಗಿಸಿದರು. ಇಷ್ಟು ಅಚ್ಚುಕಟ್ಟಾದ ದಾಖಲೆ ಆಸ್ಪತ್ರೆಯಲ್ಲೂ ಇಲ್ಲ ಎನ್ನುವ ಹಾಗಿತ್ತು ಅವರ ಮುಖ.

ತಮ್ಮ ಎದ್ದು ನಿಂತ. "ಮೂರು ಇಂಚು ಹಿಡಿದ್ಯಾ?"

"ತಪ್ಪಾಯ್ತು ಕಣೋ."

"ನನ್ನ ಪ್ಯಾಂಟನ್ನ? ಈ ವರ್ಷ?"

"ನಿನ್ನ ಒಳ್ಳೇದಕ್ಕೆ ಅಂತ..."

"ನಾನು ಹತ್ತು ತಿಂಗಳಿಂದ ಒಂದು ಬನ್ನು ಮುಟ್ಟಿಲ್ಲ ಕಣೇ!" ಅವನ ದನಿ ಕೋಣೆ ತುಂಬಿತು. "ದಿನಾ ಸಾವಿರ ಬನ್ನು ಸುಡ್ತೀನಿ, ಒಂದು ತುಣುಕು ಬಾಯಿಗೆ ಹಾಕಿಲ್ಲ! ಇವಳು ಕಟ್ಟಿಕೊಟ್ಟ ಡಬ್ಬಿಯನ್ನ ಹಿಟ್ಟು ಕಲಸೋರಿಗೆ ಕೊಡ್ತಿದ್ದೆ. ಮನೆಗೆ ಬಂದು ಬೇಕರಿಯಲ್ಲಿ ತಿಂದೆ ಅಂತ ಸುಳ್ಳು ಹೇಳ್ತಿದ್ದೆ. ವಾರವಾದರೆ ಪ್ಯಾಂಟು ಸಡಿಲ ಅನ್ನಿಸ್ತಿತ್ತು, ಖುಷಿ ಆಗ್ತಿತ್ತು. ಒಗೆದು ಬಂದರೆ ಮತ್ತೆ ಬಿಗಿ! ನನ್ನ ಹಣೆಬರಹವೇ ಇಷ್ಟು, ಗಾಳಿ ಕುಡಿದರೂ ಊದ್ತೀನಿ ಅಂತ ಇನ್ನೂ ಕಡಿಮೆ ತಿಂದೆ. ಎರಡು ಹೊತ್ತು ಇದ್ದಿದ್ದನ್ನ ಒಂದೇ ಹೊತ್ತು ಮಾಡಿದೆ!"

ತಮ್ಮನ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಆಣೆ ಹಾಕಿದ್ರಿ ನನಗೆ!"

"ಹಾಕಿದ್ದೆ. ಅದಕ್ಕೇ ಹೇಳಲಿಲ್ಲ. ಪುಟ್ಟಿ ಸ್ಕೂಲಲ್ಲಿ ಯಾರೋ ಅವಳನ್ನ 'ಡ್ರಮ್ಮಿನ ಮಗಳು' ಅಂದರಂತೆ, ಅತ್ಕೊಂಡು ಬಂದಿದ್ದಳು. ಅವಳ ಅಳು ಕೇಳಿ ಸುಮ್ಮನಿರೋಕೆ ಆಗಲಿಲ್ಲ. ಹಸಿದು ಹಸಿದು ಹೊಟ್ಟೆ ಉರಿ ಹತ್ತಿತು. ಆ ಉರಿಗೆ ತಾನೆ ಹೊಟ್ಟೆ ಸ್ಕ್ಯಾನ್ ಮಾಡಿಸಿದ್ದು, ಈ ಗೆಡ್ಡೆ ಸಿಕ್ಕಿದ್ದು!"

ಅಕ್ಕ ಈಗ ಕುರ್ಚಿ ಎಳೆದುಕೊಂಡು ಕೂತಳು. ಅವಳು ಪ್ಯಾಂಟು ಹಿಡಿಯದಿದ್ದರೆ ಅವನು ಅಷ್ಟು ಉಪವಾಸ ಮಾಡುತ್ತಿರಲಿಲ್ಲ. ಅಷ್ಟು ಉಪವಾಸ ಮಾಡದಿದ್ದರೆ ಹೊಟ್ಟೆ ಉರಿಯುತ್ತಿರಲಿಲ್ಲ. ಉರಿಯದಿದ್ದರೆ ಗೆಡ್ಡೆ ಇನ್ನೂ ಅಲ್ಲೇ ಯಾರಿಗೂ ತಿಳಿಯದೆ ಬೆಳೆಯುತ್ತಿತ್ತು. ಆದರೆ ಅವಳು ಮೊದಲು ಬಿಟ್ಟುಕೊಡದಿದ್ದರೆ? ಅವನು ದಪ್ಪವಾಗುತ್ತಿರಲಿಲ್ಲವೋ ಏನೋ. ದಪ್ಪವಾಗದಿದ್ದರೆ ಗೆಡ್ಡೆಯೇ ಬರುತ್ತಿರಲಿಲ್ಲವೋ ಏನೋ. ಅಥವಾ ಅದು ಅಪ್ಪನಿಂದ ಬಂದು ಮೊದಲೇ ಕೂತಿತ್ತೋ ಏನೋ. ತಾನು ತಮ್ಮನನ್ನು ಕೊಂದೆನೋ ಉಳಿಸಿದೆನೋ ಅವಳಿಗೆ ಹೊಳೆಯಲಿಲ್ಲ.

"ಸಾರ್, ಹಾಗಾದರೆ ಇಳಿದಿದ್ದು ಉಪವಾಸಕ್ಕೆ, ಅಲ್ವಾ? ಕಾಯಿಲೆಗಲ್ಲ?" ಎಂದಳು ತಮ್ಮನ ಹೆಂಡತಿ, ಆಸೆಯಿಂದ.

ಡಾಕ್ಟರು ಮೂವರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಉಪವಾಸಕ್ಕೂ ಇರಬಹುದು. ಗೆಡ್ಡೆಯ ಪಾಲೂ ಇರಬಹುದು. ಇಷ್ಟು ಇಂಚು ಇದರದ್ದು, ಇಷ್ಟು ಅದರದ್ದು ಅಂತ ಪಾಲು ಮಾಡೋಕೆ ನನ್ನಿಂದ ಆಗಲ್ಲ. ಸ್ಕ್ಯಾನ್ ಮಾಡಿಸೋಣ. ನೀವು ಹೇಳಿದ್ದು ಒಳ್ಳೇದಾಯ್ತು ಅಮ್ಮ." ಆಮೇಲೆ ತಮ್ಮನ ಕಡೆ ತಿರುಗಿ, "ನೀವು ಇವತ್ತಿಂದ ಮೂರು ಹೊತ್ತು ಊಟ ಮಾಡಿ. ಇದು ಔಷಧಿ ಅಂದ್ಕೊಳ್ಳಿ" ಎಂದರು.

ಶನಿವಾರ ಸ್ಕ್ಯಾನ್ ಆಯಿತು. ತಮ್ಮ ಅಕ್ಕನ ಜೊತೆ ಒಂದು ಮಾತೂ ಆಡಲಿಲ್ಲ. ಹೆಂಡತಿಯ ಜೊತೆಯೂ ಆಡಲಿಲ್ಲ; ಹೆಂಡತಿ ಅವನ ಜೊತೆ ಆಡಲಿಲ್ಲ. ಮೂವರೂ ಒಂದೇ ಬೆಂಚಿನ ಮೇಲೆ, ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಸೋಮವಾರ ಬೆಳಗ್ಗೆ ಫಲಿತಾಂಶ ಬಂತು. ಮೂಳೆಗಳಲ್ಲಿ ಏನೂ ಇಲ್ಲ. ಬಲ ಶ್ವಾಸಕೋಶದಲ್ಲಿ ಅಕ್ಕಿ ಕಾಳಿನಷ್ಟು ಒಂದು ಚುಕ್ಕೆ.

"ಅದೇನು ಸಾರ್?" ಎಂದಳು ಅಕ್ಕ.

"ಹಳೇ ಸೋಂಕಿನ ಕಲೆಯೂ ಇರಬಹುದು. ಇಂಥವು ಬಹಳ ಜನರಲ್ಲಿ ಇರ್ತವೆ, ಏನೂ ಆಗಲ್ಲ. ಚೂರು ತೆಗೆದು ಪರೀಕ್ಷೆ ಮಾಡೋಕೆ ಆಗದಷ್ಟು ಚಿಕ್ಕದು. ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತೀವಿ, ಬೆಳೆದಿದ್ದರೆ ಗೊತ್ತಾಗುತ್ತೆ. ಆಪರೇಷನ್ ನಿಲ್ಲಿಸಬೇಕಾಗಿಲ್ಲ. ನೀವು ಹೇಳದಿದ್ದರೆ ಇದನ್ನ ಯಾರೂ ನೋಡ್ತಿರಲಿಲ್ಲ."

"ನೋಡಿದ್ದು ಒಳ್ಳೇದಾ?"

"ನೋಡಿದ್ದು ಒಳ್ಳೇದೇ" ಎಂದು ಡಾಕ್ಟರು ಹೇಳಿದರು, ಸ್ವಲ್ಪ ತಡೆದು.

ಮಂಗಳವಾರ ಬೆಳಗ್ಗೆ ತಮ್ಮನಿಗೆ ಆಸ್ಪತ್ರೆಯ ಹಸಿರು ಪಾಯಿಜಾಮ ಕೊಟ್ಟರು. ಲಾಡಿ ಎಳೆದು ಕಟ್ಟಿಕೊಳ್ಳುವಂಥದ್ದು. ಅದಕ್ಕೆ ಅಳತೆಯೇ ಇರಲಿಲ್ಲ. ಅವನು ಕಟ್ಟಿಕೊಂಡ, ಬಿಚ್ಚಿದ, ಮತ್ತೆ ಕಟ್ಟಿಕೊಂಡ. ಹೆಂಡತಿ ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿದಳು. ಅವನು ಸರಿಸಲು ಬಿಟ್ಟ. ಗಾಲಿ ಮಂಚ ತಳ್ಳುವ ಆಳು ಬಾಗಿಲಲ್ಲಿ ಬಂದು ನಿಂತ.

"ಅಕ್ಕ" ಎಂದ ತಮ್ಮ. ಮೂರು ದಿನದ ಮೇಲೆ ಮೊದಲ ಮಾತು.

ಅವಳು ಗಾಬರಿಯಿಂದ ಹತ್ತಿರ ಬಂದಳು.

"ಒಂದು ಕೇಳ್ತೀನಿ, ನಿಜ ಹೇಳು. ನನ್ನ ಮೇಲಾಣೆ."

"ಕೇಳು."

"ನಾನು ಈಗ ದಪ್ಪ ಇದ್ದೀನಾ, ಸಣ್ಣ ಇದ್ದೀನಾ?"

ಅವಳು ಅವನನ್ನು ನೋಡಿದಳು. ಅಂಗಡಿಯ ಮುಂದೆ ಹಾದುಹೋಗುವ ಯಾರದೇ ಸೊಂಟವನ್ನು ಅವಳು ಕಣ್ಣಳತೆಯಲ್ಲಿ ಅರ್ಧ ಇಂಚು ತಪ್ಪದೆ ಹೇಳಬಲ್ಲವಳು. ಕೆನ್ನೆ ಒಳಗೆ ಹೋಗಿದೆಯೆ? ಹೋದ ಹಾಗಿದೆ. ಹೊಟ್ಟೆ ಇದೆಯೆ? ಇದೆ. ಅವನು ಐದು ವರ್ಷದವನಿದ್ದಾಗ ಸೊಂಟದ ಮೇಲೆ ಎತ್ತಿಕೊಂಡು ತಿರುಗಿದ್ದಳು. ಆಗಿನ ಭಾರವೇ ತೋಳಿಗೆ ನೆನಪಾಯಿತೇ ಹೊರತು ಎದುರಿಗೆ ನಿಂತವನ ಅಳತೆ ಕಣ್ಣಿಗೆ ಹಿಡಿಯಲಿಲ್ಲ. ದಪ್ಪ ಎಂದರೆ ಒಳ್ಳೆಯದೋ, ಸಣ್ಣ ಎಂದರೆ ಒಳ್ಳೆಯದೋ, ಅದೂ ಈಗ ಗೊತ್ತಿರಲಿಲ್ಲ.

"ಹತ್ತೋಣ್ವಾ ಸಾರ್?" ಎಂದ ಆಳು.

"ತಡಿಯಪ್ಪ" ಎಂದ ತಮ್ಮ ಮಂಚದ ಮೇಲೆ ಮಲಗುತ್ತಾ. "ಅಕ್ಕ ಇನ್ನೂ ಯೋಚಿಸ್ತಾ ಇದ್ದಾಳೆ."

ಆಳು ಗೋಡೆಯ ಗಡಿಯಾರ ನೋಡಿ, ಮಂಚವನ್ನು ತಳ್ಳತೊಡಗಿದ. ಅವಳು ಉತ್ತರ ಹುಡುಕುತ್ತಾ, ಒಂದು ಕೈಯಲ್ಲಿ ಮಂಚದ ಕಂಬಿ ಹಿಡಿದು, ಪಕ್ಕದಲ್ಲೇ ಬಿರಬಿರನೆ ನಡೆದಳು.